ಕಾಲೇಜು ಆಟ, ಟಿವಿ ದುಡ್ಡು: ಅಮೆರಿಕದ ಎನ್‌ಸಿಎಎ ನಿಯಮಗಳನ್ನು ಓದುವುದು ಹೇಗೆ

ಕ್ರೀಡಾ ಕಾನೂನಿನಲ್ಲಿ ನನ್ನ ತಲೆ ಜಾಸ್ತಿ ತಿಂದ ಪಾಠ, ಅಮೆರಿಕದಲ್ಲಿ ಕಾಲೇಜು ಆಟಗಳಿಗೆ ನಿಯಮ ಮಾಡುವ ಎನ್‌ಸಿಎಎ ಸಂಸ್ಥೆಯದು. ಕೇಸಿನ ಹೆಸರು, ಇಸವಿ ಎಲ್ಲ ಉರು ಹೊಡೆದೆ. ಒಂದು ವಾರಕ್ಕೆ ಎಲ್ಲ ಮರೆತುಹೋಯಿತು. ಆಮೇಲೆ ಪ್ರತಿ ನಿಯಮವನ್ನೂ ಒಂದೇ ಪ್ರಶ್ನೆ ಕೇಳಿಕೊಂಡು ಓದಿದೆ. ಈ ನಿಯಮ ಯಾರ ಕೈಗೆ ದುಡ್ಡು ಹೋಗದಂತೆ ತಡೆಯುತ್ತಿದೆ? ತಡೆದ ದುಡ್ಡು ಎಲ್ಲಿಗೆ ಹೋಗುತ್ತಿದೆ? ಹಾಗೆ ಓದಿದ ಮೇಲೆ ಕೇಸುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಂದವು. ನೀವೂ ಹಾಗೇ ಓದಿ ಅಂತ ಈ ಟಿಪ್ಪಣಿ.

ಮೊದಲು ಇದರ ಗಾತ್ರ ಗೊತ್ತಾಗಬೇಕು. ನಮ್ಮಲ್ಲಿ ಅಂತರ ಕಾಲೇಜು ಪಂದ್ಯ ಅಂದರೆ ಆಡುವವರು, ಅವರ ಗೆಳೆಯರು, ಪಿ.ಇ. ಮೇಷ್ಟ್ರು, ಅಷ್ಟೇ. ಅಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣ ಎರಡು ಸಲ ತುಂಬಿದರೂ ಅಷ್ಟು ಜನ ಆಗಲ್ಲ. (ಇಲ್ಲಿ ಫುಟ್‌ಬಾಲ್ ಅಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಆಟ.) ಕಾಲೇಜು ಬಾಸ್ಕೆಟ್‌ಬಾಲಿನ ದೊಡ್ಡ ಟೂರ್ನಿಯನ್ನು 14 ವರ್ಷ ತೋರಿಸಲು ಟಿವಿ ಕಂಪನಿಗಳು 2010ರಲ್ಲಿ ಒಪ್ಪಿಕೊಂಡ ಮೊತ್ತ 1,080 ಕೋಟಿ ಡಾಲರ್. ಈ ಟೂರ್ನಿ ನಡೆಸುವ ಸಂಸ್ಥೆಯೇ ಎನ್‌ಸಿಎಎ. 1905ರಲ್ಲಿ ಫುಟ್‌ಬಾಲ್ ಮೈದಾನದಲ್ಲಿ ಹುಡುಗರು ಸಾಯುತ್ತಿದ್ದಾರೆ ಅಂತ ದೊಡ್ಡ ಗಲಾಟೆ ಆಯಿತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಕರೆಸಿ ಮಾತಾಡಿದರು. ಮರುವರ್ಷ ಈ ಸಂಸ್ಥೆ ಹುಟ್ಟಿತು. ಅಂದರೆ ಶುರುವಾಗಿದ್ದು ಆಟಗಾರರ ಜೀವ ಉಳಿಸಲು. ಇದನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಒಂದು ಪದದ ಕಥೆ

ಅಲ್ಲಿ ಕಾಲೇಜು ಆಟಗಾರರನ್ನು ಬರೀ ಆಟಗಾರ ಅನ್ನುವುದಿಲ್ಲ, ‘ಸ್ಟೂಡೆಂಟ್ ಅಥ್ಲೀಟ್’ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಈ ಪದ ಹುಟ್ಟಿದ್ದು ವಕೀಲರ ಕಡತದಲ್ಲಿ. 1955ರಲ್ಲಿ ಕೊಲೊರಾಡೊದ ಒಂದು ಸಣ್ಣ ಕಾಲೇಜಿನ ರೇ ಡೆನಿಸನ್ ಎಂಬ ಆಟಗಾರ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಅವರ ಹೆಂಡತಿ, ಕೆಲಸ ಮಾಡುವಾಗ ಸತ್ತವರ ಮನೆಯವರಿಗೆ ಸಿಗುವ ಪರಿಹಾರ ಕೇಳಿದರು. 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೊಡಲ್ಲ ಅಂದಿತು. ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ, ಹಾಗಾಗಿ ಆತ ನೌಕರ ಅಲ್ಲ ಅನ್ನುವುದು ಕಾರಣ. ಆ ಹೊತ್ತಿಗೆ ಎನ್‌ಸಿಎಎ ನಡೆಸುತ್ತಿದ್ದವರು ವಾಲ್ಟರ್ ಬೈಯರ್ಸ್. ಆಟಗಾರರನ್ನು ಯಾರೂ ನೌಕರರು ಅನ್ನಬಾರದು ಅಂತಲೇ ಈ ಪದ ಹುಡುಕಿ ಎಲ್ಲ ನಿಯಮಗಳಲ್ಲೂ ಸೇರಿಸಿದೆವು ಎಂದು ನಿವೃತ್ತರಾದ ಮೇಲೆ ಅವರೇ ಒಪ್ಪಿಕೊಂಡಿದ್ದಾರೆ.

ನೌಕರ ಅಲ್ಲ ಅಂದಮೇಲೆ ಸಂಬಳ ಇಲ್ಲ. ಫೀಸು, ವಸತಿ, ಊಟ ಕೊಡಬಹುದು, ಅದಕ್ಕಿಂತ ಒಂದು ಕಾಸೂ ಜಾಸ್ತಿ ಆಗಬಾರದು ಅನ್ನುವುದು ಆಗಿನ ನಿಯಮ. ಈ ‘ಜಾಸ್ತಿ ಆಗಬಾರದು’ ಎಲ್ಲಿಯವರೆಗೆ ಹೋಯಿತು ನೋಡಿ. ಒಂದು ಕಾಲಕ್ಕೆ ಕಾಲೇಜಿನವರು ಆಟಗಾರರಿಗೆ ಊಟದ ನಡುವೆ ಹಣ್ಣು, ಬೀಜ, ಬೇಗಲ್ ಕೊಡಬಹುದಿತ್ತು. ಬೇಗಲ್ ಅಂದರೆ ನಡುವೆ ತೂತಿರುವ ಗಟ್ಟಿ ಬನ್ನು. ಅದಕ್ಕೆ ಕ್ರೀಮ್ ಚೀಸ್ ಸವರಿದರೆ ಮಾತ್ರ ತಪ್ಪು, ಏಕೆಂದರೆ ಆಗ ಅದು ತಿಂಡಿ ಅಲ್ಲ, ಊಟದ ಲೆಕ್ಕ! 2014ರ ಏಪ್ರಿಲ್‌ನಲ್ಲಿ ಕನೆಕ್ಟಿಕಟ್ ತಂಡದ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದುಕೊಂಡೇ ಮಲಗುತ್ತೇನೆ ಎಂದು ಪತ್ರಕರ್ತರ ಮುಂದೆ ಹೇಳಿದರು. ಕೋಟಿಗಟ್ಟಲೆ ಡಾಲರ್ ಟೂರ್ನಿಯ ಕೊನೆಯ ಘಟ್ಟದಲ್ಲಿ ಆಡುತ್ತಿದ್ದ ಹುಡುಗ ಆಡಿದ ಮಾತು ಅದು. ಊಟ, ತಿಂಡಿಗೆ ಮಿತಿ ಬೇಡ ಅನ್ನುವ ತೀರ್ಮಾನಕ್ಕೆ ಎನ್‌ಸಿಎಎ ಸಮಿತಿಯ ಒಪ್ಪಿಗೆ ಸಿಕ್ಕಿದ್ದು ಅದೇ ತಿಂಗಳು.

1984ರ ತೀರ್ಪು: ಇದನ್ನು ಬಿಡಬೇಡಿ

ಪರೀಕ್ಷೆಗೆ ಒಂದೇ ಕೇಸು ಓದಲು ಟೈಮ್ ಇದೆ ಅಂದರೆ ಇದನ್ನೇ ಓದಿ. ಅಲ್ಲಿಯವರೆಗೆ ಎಲ್ಲ ಕಾಲೇಜುಗಳ ಫುಟ್‌ಬಾಲ್ ಪಂದ್ಯಗಳ ಟಿವಿ ಹಕ್ಕು ಎನ್‌ಸಿಎಎ ಕೈಯಲ್ಲಿತ್ತು. ಯಾವ ತಂಡ ಎಷ್ಟು ಸಲ ಟಿವಿಯಲ್ಲಿ ಬರಬೇಕು ಅನ್ನುವುದನ್ನೂ ಅದೇ ನಿರ್ಧರಿಸುತ್ತಿತ್ತು. ಒಕ್ಲಹೋಮ ಮತ್ತು ಜಾರ್ಜಿಯ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. ಅವರು ಹಿಡಿದದ್ದು ಆ್ಯಂಟಿಟ್ರಸ್ಟ್ ಕಾನೂನನ್ನು. ಇದು ಕಷ್ಟದ ಪದ ಅನ್ನಿಸಿದರೆ ಎಪಿಎಂಸಿ ಮಂಡಿ ನೆನಪಿಸಿಕೊಳ್ಳಿ. ಈರುಳ್ಳಿ ಮೂಟೆಗೆ ಇಷ್ಟೇ ಕೂಗೋಣ, ಮೇಲೆ ಹೋಗೋದು ಬೇಡ ಅಂತ ವರ್ತಕರೆಲ್ಲ ಮೊದಲೇ ಮಾತಾಡಿಕೊಂಡು ಬಂದರೆ ರೈತನ ಗತಿ ಏನು? ಪೈಪೋಟಿ ಮಾಡಬೇಕಾದವರು ಹಾಗೆ ಒಳಗೊಳಗೇ ಸೇರಿಕೊಳ್ಳಬಾರದು ಅನ್ನುವುದೇ ಈ ಕಾನೂನು.

ಸುಪ್ರೀಂ ಕೋರ್ಟಿನಲ್ಲಿ ಎನ್‌ಸಿಎಎ 7-2ರಿಂದ ಸೋತಿತು. ಭಿನ್ನ ತೀರ್ಪು ಬರೆದವರು ಬೈರನ್ ವೈಟ್. ಅವರು ಕಾಲೇಜು ದಿನಗಳಲ್ಲಿ ದೇಶಕ್ಕೇ ಗೊತ್ತಿದ್ದ ಫುಟ್‌ಬಾಲ್ ಆಟಗಾರ. ದುಡ್ಡಿನ ಲೆಕ್ಕದಲ್ಲೇ ಕಾಲೇಜು ಆಟವನ್ನು ನೋಡಿದರೆ ಅದರ ಓದಿನ ಉದ್ದೇಶ ಹಾಳಾಗುತ್ತದೆ ಅನ್ನುವ ಆತಂಕ ಅವರದು. ಮುಂದಾದದ್ದನ್ನು ನೋಡಿದರೆ ಅವರ ಆತಂಕವನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಈ ತೀರ್ಪಿನಿಂದ ಎರಡು ದಾರಿ ಹೊರಟವು. ಒಂದು, ಟಿವಿ ಹಕ್ಕು ಮಾರುವ ಅಧಿಕಾರ ಕಾಲೇಜುಗಳಿಗೆ, ಅವುಗಳ ಗುಂಪುಗಳಿಗೆ ಬಂತು. ಈ ಗುಂಪುಗಳಿಗೆ ‘ಕಾನ್ಫರೆನ್ಸ್’ ಅನ್ನುತ್ತಾರೆ. ಎರಡು, ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸ್ಟೀವನ್ಸ್, ಕಾಲೇಜು ಆಟದ ಗುಣ ಉಳಿಯಬೇಕಾದರೆ ಆಟಗಾರರಿಗೆ ಸಂಬಳ ಕೊಡಬಾರದು ಅನ್ನುವ ಅರ್ಥದ ಮಾತನ್ನೂ ಸೇರಿಸಿದರು. ಕೇಸು ಅದರ ಬಗ್ಗೆ ಇರಲೇ ಇಲ್ಲ. ಆದರೂ ಮುಂದೆ 30 ವರ್ಷಕ್ಕೂ ಹೆಚ್ಚು ಕಾಲ ಎನ್‌ಸಿಎಎ ಆ ಸಾಲುಗಳನ್ನೇ ಗುರಾಣಿಯಂತೆ ಹಿಡಿಯಿತು. ಟಿವಿ ದುಡ್ಡಿಗೆ ಬಾಗಿಲು ತೆರೆದದ್ದೂ ಆ ತೀರ್ಪೇ, ಆಟಗಾರರ ಮುಖಕ್ಕೆ ಬಾಗಿಲು ಹಾಕಲು ನೆಪ ಕೊಟ್ಟದ್ದೂ ಅದೇ. ನನಗೆ ಇಡೀ ಪಾಠ ಅರ್ಥವಾದದ್ದು ಇಲ್ಲಿ.

ಗೇಮಿನಲ್ಲಿ ಕಂಡ ಮುಖ

ಎಡ್ ಒಬ್ಯಾನನ್ 1995ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟವರು. ವರ್ಷಗಳಾದ ಮೇಲೆ ಒಂದು ದಿನ ಗೆಳೆಯನ ಮನೆಗೆ ಹೋದರು. ಗೆಳೆಯನ ಮಗ ವಿಡಿಯೊ ಗೇಮ್ ಹಾಕಿ ತೋರಿಸಿದ. ಪರದೆಯ ಮೇಲೆ 1995ರ ಅದೇ ತಂಡ. ಅದರಲ್ಲೊಬ್ಬ ಬೋಳುತಲೆಯ, ಎಡಗೈ ಆಟಗಾರ, ಬೆನ್ನ ಮೇಲೆ 31. ಹೆಸರೊಂದಿಲ್ಲ, ಉಳಿದದ್ದೆಲ್ಲ ಒಬ್ಯಾನನ್! ಗೆಳೆಯ ದುಡ್ಡು ಕೊಟ್ಟು ಗೇಮ್ ತಂದಿದ್ದ, ಒಬ್ಯಾನನ್‌ಗೆ ಬಿಡಿಗಾಸೂ ಬಂದಿರಲಿಲ್ಲ. 2009ರಲ್ಲಿ ಅವರು ಕೇಸು ಹಾಕಿದರು. 2014ರಲ್ಲಿ ನ್ಯಾಯಾಧೀಶೆ ಕ್ಲೌಡಿಯ ವಿಲ್ಕೆನ್, ಎನ್‌ಸಿಎಎ ನಿಯಮ ಆ್ಯಂಟಿಟ್ರಸ್ಟ್ ಕಾನೂನು ಮುರಿದಿದೆ ಎಂದರು. ಮೇಲಿನ ಕೋರ್ಟು ಪರಿಹಾರವನ್ನು ಕತ್ತರಿಸಿತು, ತಪ್ಪು ತಪ್ಪೇ ಅನ್ನುವುದನ್ನು ಮಾತ್ರ ಉಳಿಸಿತು.

ಮುಂದಿನದು ಬೇಗ ಬೇಗ ನಡೆಯಿತು. 2019ರಲ್ಲಿ ಕ್ಯಾಲಿಫೋರ್ನಿಯ ಕಾನೂನು ಮಾಡಿತು: ಆಟಗಾರರು ತಮ್ಮ ಹೆಸರು, ಚಿತ್ರ, ರೂಪದಿಂದ ದುಡಿದರೆ ಶಿಕ್ಷಿಸುವಂತಿಲ್ಲ. ಎನ್‌ಐಎಲ್ ಅನ್ನುವುದು ಇದನ್ನೇ. 2021ರ ಜೂನ್ 21ರಂದು, ಆಲ್‌ಸ್ಟನ್ ಎಂಬ ಹಳೇ ಆಟಗಾರನ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಆ ಕೇಸು ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಮಾತ್ರ ಸೀಮಿತ, ಸಂಬಳದ ತೀರ್ಪಲ್ಲ. ಪರೀಕ್ಷೆಯಲ್ಲಿ ತುಂಬ ಜನ ಇಲ್ಲೇ ಎಡವುತ್ತಾರೆ. ಆದರೆ 1984ರ ಆ ಗುರಾಣಿ ಸಾಲುಗಳಿಗೆ ಬೆಲೆ ಇಲ್ಲ ಎಂದು ಕೋರ್ಟು ಹೇಳಿದ್ದೇ ದೊಡ್ಡ ಪೆಟ್ಟು. ಹತ್ತು ದಿನದಲ್ಲಿ, ಜುಲೈ 1ರಂದು, ಎನ್‌ಸಿಎಎ ದೇಶಾದ್ಯಂತ ಎನ್‌ಐಎಲ್‌ಗೆ ದಾರಿ ಬಿಟ್ಟಿತು.

ನಮ್ಮವರಿಗೆ ಸಂಬಂಧಿಸಿದ ಒಂದು ವಿಷಯ ಇಲ್ಲಿದೆ. ಎಫ್-1 ವೀಸಾದಲ್ಲಿ ಓದಲು ಹೋದ ಆಟಗಾರರಿಗೆ ಈ ಬಾಗಿಲು ಸಲೀಸಾಗಿ ತೆರೆಯಲಿಲ್ಲ. ಆ ವೀಸಾದಲ್ಲಿ ಕ್ಯಾಂಪಸ್ ಹೊರಗೆ ದುಡಿಯಲು ಕಟ್ಟುಪಾಡು ಇದೆ. ಅಮೆರಿಕದಲ್ಲಿ ಎಂ.ಎಸ್. ಓದಿದ ಅಣ್ಣನೋ ಅಕ್ಕನೋ ಮನೆಯಲ್ಲಿದ್ದರೆ ಕೇಳಿ, ಆ ಕಟ್ಟುಪಾಡು ಏನೆಂದು ಅವರೇ ವಿವರಿಸುತ್ತಾರೆ. ಪಕ್ಕದಲ್ಲಿ ನಿಂತು ಆಡುವ ಅಮೆರಿಕದ ಹುಡುಗನಿಗೆ ಶೂ ಕಂಪನಿಯ ಜಾಹೀರಾತು, ವಿದೇಶದಿಂದ ಬಂದವನಿಗೆ ವೀಸಾ ಹೋಗುವ ಭಯ.

ಶಾಂತಸಾಗರದ ತೀರದಿಂದ ಅಟ್ಲಾಂಟಿಕ್ ಗುಂಪಿಗೆ

ಈಗ 1984ರ ಮೊದಲನೇ ದಾರಿಗೆ ಬನ್ನಿ. ಟಿವಿ ಹಕ್ಕು ಕಾನ್ಫರೆನ್ಸುಗಳ ಕೈಗೆ ಬಂದಮೇಲೆ ಯಾವ ಗುಂಪಿನಲ್ಲಿದ್ದರೆ ಜಾಸ್ತಿ ದುಡ್ಡು ಅನ್ನುವ ಲೆಕ್ಕ ಶುರುವಾಯಿತು. ಪ್ಯಾಕ್-12 ಗುಂಪಿನ ಬೇರು 1915ರಲ್ಲಿದೆ. ಪಶ್ಚಿಮ ತೀರದ ಕಾಲೇಜುಗಳು, ಅಕ್ಕಪಕ್ಕದ ಊರುಗಳ ನೂರು ವರ್ಷದ ಪೈಪೋಟಿ. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ದೊಡ್ಡ ತಂಡಗಳಾದ ಯುಎಸ್‌ಸಿ, ಯುಸಿಎಲ್‌ಎ ತಾವು ಬಿಗ್ ಟೆನ್ ಗುಂಪಿಗೆ ಹೋಗುತ್ತೇವೆ ಅಂದವು. ಎರಡೇ ತಿಂಗಳಲ್ಲಿ ಬಿಗ್ ಟೆನ್ ಏಳು ವರ್ಷಕ್ಕೆ 700 ಕೋಟಿ ಡಾಲರ್ ದಾಟುವ ಟಿವಿ ಒಪ್ಪಂದ ಮಾಡಿಕೊಂಡಿತು. ಉಳಿದ ಹತ್ತು ತಂಡಗಳು ತಮ್ಮ ಒಪ್ಪಂದಕ್ಕಾಗಿ ಒಂದು ವರ್ಷ ಕಾದವು. ಕೊನೆಗೆ ಮುಂದೆ ಬಂದದ್ದು ಆ್ಯಪಲ್ ಕಂಪನಿಯ ಸ್ಟ್ರೀಮಿಂಗ್ ಪ್ರಸ್ತಾಪ. ಚಂದಾದಾರರು ಎಷ್ಟು ಸೇರುತ್ತಾರೋ ಅಷ್ಟು ಆದಾಯ ಅನ್ನುವ ಲೆಕ್ಕ ಅದು. ಅದನ್ನು ನಂಬಿ ಕೂರಲು ಹೆಚ್ಚಿನವರು ತಯಾರಿರಲಿಲ್ಲ. 2023ರ ಜುಲೈನಲ್ಲೇ ಕೊಲೊರಾಡೊ ಹೊರಟಿತ್ತು, ಆಗಸ್ಟ್ 4ರಂದು ಒಂದೇ ದಿನ ಇನ್ನೂ ಐದು ತಂಡ ಹೊರಟವು. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್, ಬರ್ಕ್ಲಿಯೂ ಹೊರಟವು. ಹೋಗಿದ್ದೆಲ್ಲಿಗೆ? ‘ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್’ಗೆ! ಹಿಂದೆ ಉಳಿದವು ಎರಡೇ: ಆರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್. ಹಂಚಿಕೊಳ್ಳಲು ಮನೆ ಇದೆ, ಅಣ್ಣತಮ್ಮಂದಿರು ಇಲ್ಲ. ಮನೆಯ ಯಜಮಾನಿಕೆ ಯಾರದು ಅಂತ ಅವರೂ ಕೋರ್ಟಿಗೆ ಹೋಗಿ ಗೆದ್ದರು.

ದೂರ ಎಷ್ಟು ಅಂತ ನಕ್ಷೆ ಹಿಡಿದು ನೋಡಿ. ಯುಸಿಎಲ್‌ಎ ಈಗಿರುವ ಗುಂಪಿನಲ್ಲೇ ನ್ಯೂಜೆರ್ಸಿಯ ರಟ್ಗರ್ಸ್ ಕೂಡ ಇದೆ. ವಿಮಾನದಲ್ಲಿ ಸುಮಾರು 4,000 ಕಿ.ಮೀ. ಬೆಂಗಳೂರಿನಿಂದ ದಿಲ್ಲಿಗೆ ಇರುವುದರ ಎರಡು ಪಟ್ಟಿಗೂ ಜಾಸ್ತಿ. ಫುಟ್‌ಬಾಲ್ ವಾರಕ್ಕೊಂದು ಪಂದ್ಯ, ಅವರು ಹೇಗೋ ನಿಭಾಯಿಸುತ್ತಾರೆ. ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹುಡುಗಿಯರಿಗೆ ವಾರದ ನಡುವೆಯೂ ಪಂದ್ಯ, ಮರುದಿನ ಬೆಳಗ್ಗೆ ಕ್ಲಾಸು. ಅವರ ಆಟ ಆ ಟಿವಿ ಒಪ್ಪಂದದ ಬೆಲೆ ಏರಿಸಿದ್ದಲ್ಲ, ಅವರನ್ನು ಯಾರೂ ಕೇಳಿಯೂ ಇರಲಿಲ್ಲ. ಆಟಗಾರರಿಗೆ ದುಡ್ಡು ಕೊಟ್ಟರೆ ಪರಂಪರೆ ಹಾಳಾಗುತ್ತದೆ ಎಂದು ಕೋರ್ಟಿನಲ್ಲಿ ವಾದಿಸಿದ ವ್ಯವಸ್ಥೆಯೇ ನೂರು ವರ್ಷದ ಗುಂಪನ್ನು ಟಿವಿ ದುಡ್ಡಿಗಾಗಿ ಒಡೆದುಕೊಂಡಿತು. ಇದನ್ನು ಓದುವಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಎನ್‌ಎಫ್‌ಎಲ್ ಮಿತಿ ನಿಲ್ಲುತ್ತದೆ, ಎನ್‌ಸಿಎಎ ಮಿತಿ ಬೀಳುತ್ತದೆ, ಯಾಕೆ?

ಇದು ನನಗೆ ತುಂಬ ದಿನ ಹೊಳೆಯದ ಪ್ರಶ್ನೆ. ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲೂ 1994ರಿಂದ ಸಂಬಳದ ಒಟ್ಟು ಮಿತಿ ಇದೆ. ತಂಡಗಳೆಲ್ಲ ಸೇರಿ ಬೆಲೆ ಕಟ್ಟಿದ ಹಾಗೆಯೇ ಅಲ್ವಾ ಅದು? ಹೌದು, ಆದರೆ ಅಲ್ಲಿ ಆಟಗಾರರ ಯೂನಿಯನ್ ಇದೆ. ಎದುರು ಬದುರು ಕೂತು ಚೌಕಾಶಿ ಮಾಡಿ ಸಹಿ ಹಾಕಿದ ಮಿತಿಗೆ ಕಾರ್ಮಿಕ ಕಾನೂನಿನ ರಕ್ಷಣೆ ಸಿಗುತ್ತದೆ, ಆ್ಯಂಟಿಟ್ರಸ್ಟ್ ಅದನ್ನು ಮುಟ್ಟುವುದಿಲ್ಲ. ಎನ್‌ಸಿಎಎಗೆ ಆ ರಕ್ಷಣೆ ಬೇಕೆಂದರೆ ಯೂನಿಯನ್ ಬೇಕು. ಯೂನಿಯನ್ ಬೇಕೆಂದರೆ ಆಟಗಾರರು ನೌಕರರು ಅಂತ ಒಪ್ಪಬೇಕು. 1950ರ ದಶಕದಿಂದ ಒಪ್ಪದೇ ಇರುವುದು ಅದನ್ನೇ. ಹಾಗಾಗಿ ಎನ್‌ಸಿಎಎ ಹಾಕುವ ಒಂದೊಂದು ಮಿತಿಯೂ ಕೋರ್ಟಿನ ಮುಂದೆ ಬರಿಗೈಯಲ್ಲಿ ನಿಲ್ಲುತ್ತದೆ.

ಇದೇ ಕಣ್ಣಿನಿಂದ ಹೌಸ್ ಒಪ್ಪಂದ ಓದಿ. ಅರಿಜೋನ ಸ್ಟೇಟ್ ಈಜುಗಾರ ಗ್ರಾಂಟ್ ಹೌಸ್ ಎನ್‌ಸಿಎಎ ವಿರುದ್ಧ ಹಾಕಿದ ಕೇಸಿನ ರಾಜಿ ಅದು. 2025ರ ಜೂನ್ 6ರಂದು ಒಪ್ಪಿಗೆ ಕೊಟ್ಟವರು ಅದೇ ವಿಲ್ಕೆನ್. ಹಿಂದೆ ಕೈತಪ್ಪಿದ ದುಡ್ಡಿನ ಬಾಬ್ತು ಹಳೇ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್. ಇನ್ನು ಮುಂದೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಕಾಲೇಜಿಗೆ 2.05 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 175 ಕೋಟಿ ರೂಪಾಯಿ. 2025ರ ಐಪಿಎಲ್ ಹರಾಜಿನಲ್ಲಿ ಒಂದು ತಂಡದ ಪರ್ಸ್ 120 ಕೋಟಿ ಇತ್ತು, ಹೋಲಿಸಿ ನೋಡಿ. ಆದರೆ ಆ 175 ಕೋಟಿ ಕಾಲೇಜಿನ ಎಲ್ಲ ಆಟಗಳಿಗೂ ಸೇರಿ. ಹಳೇ ಬಾಕಿಯಲ್ಲಿ ಸಿಂಹಪಾಲು ಗಂಡಸರ ಫುಟ್‌ಬಾಲ್, ಬಾಸ್ಕೆಟ್‌ಬಾಲಿಗೆ ಹೋಗುತ್ತದೆ. ಓದಿನಲ್ಲಿ ಗಂಡು ಹೆಣ್ಣಿನ ಭೇದ ಸಲ್ಲದು ಅನ್ನುವ 1972ರ ಕಾನೂನಿಗೆ ಇದು ವಿರುದ್ಧ ಎಂದು ಕೆಲವು ಆಟಗಾರ್ತಿಯರು ಅದೇ ತಿಂಗಳು ಮೇಲ್ಮನವಿ ಹಾಕಿದರು. ತಂಡದಲ್ಲಿ ಇಷ್ಟೇ ಜನ ಇರಬೇಕು ಅನ್ನುವ ಹೊಸ ಮಿತಿಯೂ ಬಂತು. ಫುಟ್‌ಬಾಲಿಗೆ 105. ಸ್ಕಾಲರ್‌ಶಿಪ್ ಇಲ್ಲದೆ, ಆಟದ ಮೇಲಿನ ಪ್ರೀತಿಗೆ ತಂಡ ಸೇರಿ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗರಿಗೆ ಮೊದಲ ಏಟು ಬಿದ್ದದ್ದು ಇದರಿಂದ. ಹಾಗೆ ಜಾಗ ಕಳೆದುಕೊಂಡವರಿಗೆ ದಾರಿ ಮಾಡದೆ ಸಹಿ ಹಾಕಲ್ಲ ಎಂದು ವಿಲ್ಕೆನ್ ಒಪ್ಪಂದವನ್ನು ಎರಡು ತಿಂಗಳು ತಡೆದರು. ನನಗೆ ಇಡೀ ಕಡತದಲ್ಲಿ ತುಂಬ ಮೆಚ್ಚುಗೆಯಾದ ಜಾಗ ಅದು.

ಕೊನೆಗೆ ಒಂದು ಕೇಸು, ನೀವೇ ಬಿಡಿಸಿ. ಡಾರ್ಟ್‌ಮತ್ ಕಾಲೇಜಿನ ಬಾಸ್ಕೆಟ್‌ಬಾಲ್ ಹುಡುಗರಿಗೆ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ, ಟಿವಿಯಿಂದ ಕೋಟಿಗಳೂ ಬರಲ್ಲ. ಸಿಗುವುದು ಶೂ, ಬಟ್ಟೆ, ಪ್ರಯಾಣ, ವಸತಿ. 2024ರ ಫೆಬ್ರವರಿಯಲ್ಲಿ ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ, ಕಾಲೇಜು ಇವರ ಕೆಲಸವನ್ನು ಹಿಡಿತದಲ್ಲಿ ಇಟ್ಟುಕೊಂಡಿದೆ, ಹಾಗಾಗಿ ಇವರು ನೌಕರರು ಎಂದರು. ಮಾರ್ಚ್‌ನಲ್ಲಿ ಹುಡುಗರು 13-2ರಿಂದ ಯೂನಿಯನ್ ಪರ ಮತ ಹಾಕಿದರು. ಕಾಲೇಜು ಮಾತುಕತೆಗೆ ಬರಲಿಲ್ಲ. ಡಿಸೆಂಬರ್ 31ರಂದು ಅರ್ಜಿ ವಾಪಸ್ ಆಯಿತು. 1957ರ ಡೆನಿಸನ್ ತೀರ್ಪನ್ನು ಪಕ್ಕದಲ್ಲಿಟ್ಟುಕೊಳ್ಳಿ. ಕಾಲೇಜು ವ್ಯಾಪಾರ ಮಾಡುತ್ತಿದೆಯೇ ಎಂದು ಅಂದಿನ ಕೋರ್ಟು ಕೇಳಿತ್ತು. ಕಾಲೇಜಿನ ಹಿಡಿತ ಎಷ್ಟು ಎಂದು 2024ರ ಅಧಿಕಾರಿ ಕೇಳಿದರು. ಆ ಎರಡನೇ ಪ್ರಶ್ನೆಯನ್ನು 1957ರಲ್ಲೇ ಕೇಳಿದ್ದರೆ ಡೆನಿಸನ್ ಅವರ ಹೆಂಡತಿಗೆ ಪರಿಹಾರ ಸಿಗುತ್ತಿತ್ತೇ? ಎನ್‌ಸಿಎಎ ಹುಟ್ಟಿದ್ದೇ ಆಟಗಾರರ ಜೀವ ಉಳಿಸಲು ಅನ್ನುವುದನ್ನು ನೆನಪಿಟ್ಟುಕೊಂಡು, ಎರಡು ಪುಟ ಮೀರದಂತೆ ಉತ್ತರ ಬರೆದು ನೋಡಿ.