60 ದಾಟಿದ್ರೆ ಲಾರಿ ನಡುಗುತ್ತೆ, ಟೈರ್ ಹೊಸದು ಹಾಕಿದ್ರೂ ಹೋಗಿಲ್ಲ, ಎಲ್ಲಿ ಹುಡುಕೋದು?

ಪ್ರಶ್ನೆ: ನಮ್ದು 10 ಚಕ್ರದ ಲಾರಿ, ಹುಬ್ಬಳ್ಳಿ-ಬೆಂಗಳೂರು ಲೈನು. 55ರ ತನಕ ಏನೂ ಇರಲ್ಲ, 60 ಹತ್ರ ಬಂದ್ರೆ ಸೀಟು, ಫ್ಲೋರು ಎಲ್ಲಾ ಗುಂಯ್ ಅಂತ ನಡುಗುತ್ತೆ, 70 ದಾಟಿದ್ರೆ ಕಮ್ಮಿ ಆಗುತ್ತೆ. ಮುಂದಿನ ಎರಡೂ ಟೈರ್ ಹೊಸದು ಹಾಕ್ಸಿದ್ವಿ, ಅಲೈನ್‌ಮೆಂಟ್ ಆಯ್ತು, ಹೋಗಿಲ್ಲ. ಈಗ ಮೇಸ್ತ್ರಿ ಇಂಜಿನ್ ಫೌಂಡೇಶನ್ (ಇಂಜಿನ್ ಕೂರೋ ರಬ್ಬರು) ಬದಲಾಯಿಸೋಣ ಅಂತಿದ್ದಾರೆ. ಮಾಡಿಸೋದಾ?

ಸದ್ಯಕ್ಕೆ ಬೇಡ. ಇನ್ನೊಂದು ಸಾಮಾನು ಕೊಳ್ಳೋಕೆ ಮುಂಚೆ, ಆ ನಡುಕ ಯಾವುದರ ಜೊತೆ ತಿರುಗ್ತಿದೆ ಅನ್ನೋದು ಗೊತ್ತಾಗ್ಬೇಕು. ಓಡೋ ಲಾರಿಯಲ್ಲಿ ಮುಖ್ಯವಾಗಿ ತಿರುಗೋದು ಮೂರು, ಚಕ್ರ, ಪ್ರೊಪೆಲ್ಲರ್ ಶಾಫ್ಟು (ಗೇರ್‌ಬಾಕ್ಸಿಂದ ಹಿಂದಿನ ಆಕ್ಸಲ್‌ಗೆ ಹೋಗೋ ಉದ್ದದ ಪೈಪು), ಇಂಜಿನ್ನು. ಒಂದೊಂದರ ಸ್ಪೀಡೂ ಬೇರೆ, ಹಾಗಾಗಿ ನಡುಕದ ಥರಾನೂ ಬೇರೆ.

ಲೆಕ್ಕ ಸುಲಭ ಇದೆ. 10.00-20 ಸೈಜಿನ ಟೈರು ಒಂದು ಸುತ್ತಿಗೆ ಸುಮಾರು 3.3 ಮೀಟರ್ ಹೋಗುತ್ತೆ, ಅಂದ್ರೆ ಕಿಲೋಮೀಟರಿಗೆ 300 ಸುತ್ತು. 60ರಲ್ಲಿ ನಿಮಿಷಕ್ಕೆ ಒಂದು ಕಿಲೋಮೀಟರ್ ಓಡ್ತೀವಿ, ಸೆಕೆಂಡಿಗೆ 5 ಸುತ್ತು ಆಯ್ತು. ಚಕ್ರದ ದೋಷ ಆಗಿದ್ರೆ ಧಡ್ ಧಡ್ ಧಡ್ ಅಂತ ಹೆಚ್ಚುಕಮ್ಮಿ ಎಣಿಸೋ ಹಾಗೆ ಬರುತ್ತೆ, ಮುಂದಿನ ಚಕ್ರದ್ದಾದ್ರೆ ಸ್ಟೇರಿಂಗ್ ಕೈಯಲ್ಲೇ ಅಲ್ಲಾಡುತ್ತೆ. ಕ್ರೌನ್ ರೇಶಿಯೋ (ಚಕ್ರ ಒಂದು ಸುತ್ತು ತಿರುಗೋಕೆ ಪ್ರೊಪೆಲ್ಲರ್ ಎಷ್ಟು ಸುತ್ತು ಅನ್ನೋದು) 6ರ ಆಸುಪಾಸು ಇದ್ರೆ ಪ್ರೊಪೆಲ್ಲರ್ ಅದರ ಆರು ಪಟ್ಟು ಸುತ್ತುತ್ತೆ, ಸೆಕೆಂಡಿಗೆ 30. ಅಷ್ಟನ್ನ ಎಣಿಸೋಕಾಗಲ್ಲ, ಗುಂಯ್ ಅನ್ನೋ ಥರಾನೇ ಗೊತ್ತಾಗೋದು. ನೀವು ಹೇಳ್ತಿರೋದು ಗುಂಯ್ ಅಂತ, ಅದೂ ಸ್ಟೇರಿಂಗಲ್ಲಿ ಅಲ್ಲ, ಸೀಟು ಮತ್ತು ಫ್ಲೋರಲ್ಲಿ, ಅದಕ್ಕೇ ನನಗೆ ಮುಂದಿನ ಟೈರ್ ಮೇಲೆ ಅನುಮಾನಾನೇ ಬರ್ತಿಲ್ಲ. (ಫೋನಲ್ಲಿ ವೈಬ್ರೇಶನ್ ಅಳೆಯೋ ಫ್ರೀ ಆಪ್‌ಗಳಿವೆ, ಪಕ್ಕದಲ್ಲಿ ಕೂತವರು ಫೋನನ್ನ ಫ್ಲೋರ್ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದ್ರೆ 5 ಹರ್ಟ್ಜಾ 30 ಹರ್ಟ್ಜಾ (ಸೆಕೆಂಡಿಗೆ ಎಷ್ಟು ಸಲ) ಅಂತ ನಂಬರೇ ಬರುತ್ತೆ. ಡ್ರೈವರ್ ಇದನ್ನ ಮಾಡೋಕೆ ಹೋಗ್ಬಾರ್ದು.)

ಮೇಸ್ತ್ರಿ ಇಂಜಿನ್ ಅಂತಿರೋದಕ್ಕೂ ಕಾರಣ ಇದೆ. ಟಾಪ್ ಗೇರ್ ಡೈರೆಕ್ಟ್ ಇರೋ ಗಾಡಿಯಲ್ಲಿ ಇಂಜಿನ್ ಎಷ್ಟು ಸುತ್ತುತ್ತೋ ಪ್ರೊಪೆಲ್ಲರೂ ಅಷ್ಟೇ ಸುತ್ತುತ್ತೆ, 60ರಲ್ಲಿ ಎರಡೂ 1800 ಆರ್‌ಪಿಎಂ ಹತ್ರ. ಕೂತು ನೋಡಿದ್ರೆ ಯಾವುದರದ್ದು ಅಂತ ಯಾರಿಗೂ ಗೊತ್ತಾಗಲ್ಲ, ಬೇರೆ ಮಾಡಿ ನೋಡ್ಲೇಬೇಕು. ಮೊದಲು ಗಾಡಿ ನಿಲ್ಸಿ ನ್ಯೂಟ್ರಲ್‌ನಲ್ಲಿ ಅದೇ 1800ಕ್ಕೆ ರೇಸ್ ಕೊಡಿ. ಅದೇ ನಡುಕ ಬಂದ್ರೆ ಮೇಸ್ತ್ರಿ ಹೇಳಿದ್ದು ಸರಿ, ಫೌಂಡೇಶನ್ ರಬ್ಬರು, ಫ್ಯಾನು, ಕ್ಲಚ್ ಪ್ರೆಶರ್ ಪ್ಲೇಟು ನೋಡ್ಬೇಕು. ಬರ್ಲಿಲ್ಲ ಅಂದ್ರೆ ಖಾಲಿ ಇರೋ, ನೇರ ಇರೋ, ಸಮತಟ್ಟು ರೋಡಲ್ಲಿ 60-65ಕ್ಕೆ ತಗೊಂಡು ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ ಸ್ವಲ್ಪ ದೂರ ಬಿಡಿ. ಇಂಜಿನ್ ಐಡಲ್‌ನಲ್ಲಿ ಓಡ್ತಾನೇ ಇರ್ಬೇಕು, ಆಫ್ ಮಾಡಿದ್ರೆ ಸ್ಟೇರಿಂಗ್ ಗಟ್ಟಿ ಆಗುತ್ತೆ, ಬ್ರೇಕಿಗೆ ಏರ್ ತುಂಬೋದು ನಿಲ್ಲುತ್ತೆ. ಇಳಿಜಾರಲ್ಲಿ, ಘಾಟಿಯಲ್ಲಿ ಇದನ್ನ ಯಾವತ್ತೂ ಮಾಡ್ಬೇಡಿ. ಇಂಜಿನ್ ಐಡಲ್‌ಗೆ ಬಂದ್ಮೇಲೂ ಗುಂಯ್ ಅಂತಾನೇ ಇದ್ರೆ ಇಂಜಿನ್ ವಿಷಯ ಅಲ್ಲಿಗೆ ಮುಗೀತು. ಗೇರಲ್ಲಿ ಓಡುವಾಗ ಎಕ್ಸಲೇಟರಿಂದ ಕಾಲು ತೆಗೆದ ತಕ್ಷಣ ಹೋಗಿ, ಮತ್ತೆ ಕೊಟ್ರೆ ವಾಪಸ್ ಬಂದ್ರೆ ಅದು ಲೋಡ್ ಬಿದ್ದಾಗ ಬರೋ ನಡುಕ, ಪ್ರೊಪೆಲ್ಲರ್ ಜಾಯಿಂಟಿನ ಆ್ಯಂಗಲ್ ಕಡೆ ನೋಡಿ.

70 ದಾಟಿದ್ರೆ ಕಮ್ಮಿ ಆಗುತ್ತೆ ಅಂತ ಸಮಾಧಾನ ಪಟ್ಕೋಬೇಡಿ, ಆ ಒಂದು ಸ್ಪೀಡಿಗೆ ಛಾಸಿ, ಕ್ಯಾಬಿನ್ ಜೊತೆ ಸೇರಿ ಕಂಪಿಸುತ್ತೆ ಅಷ್ಟೇ, ದೋಷ ಎಲ್ಲೂ ಹೋಗಿರಲ್ಲ.

ಇನ್ನು ನಿಮಗೆ ನನ್ನ ಪ್ರಶ್ನೆ: ನಡುಕ ಶುರು ಆಗೋಕೆ ಸ್ವಲ್ಪ ಮುಂಚೆ ಗಾಡಿಗೆ ಏನ್ ಕೆಲಸ ಆಗಿತ್ತು? ಕ್ಲಚ್ ಪ್ಲೇಟ್ ಹಾಕ್ಸಿದ್ರಾ, ಗೇರ್‌ಬಾಕ್ಸ್ ಇಳಿಸಿದ್ರಾ? ಆಗ ಪ್ರೊಪೆಲ್ಲರ್ ಬಿಚ್ಚಿರ್ತಾರೆ, ಸ್ಲಿಪ್ ಜಾಯಿಂಟನ್ನ (ಶಾಫ್ಟು ಉದ್ದ ಗಿಡ್ಡ ಆಗೋಕೆ ಬಿಡೋ ಹಲ್ಲಿನ ಜೋಡಣೆ) ಎಳೆದು ಗ್ರೀಸ್ ಹಾಕಿ ಮತ್ತೆ ತೂರಿಸುವಾಗ ಒಂದೆರಡು ಹಲ್ಲು ಆಚೆ ಈಚೆ ಕೂತ್ರೂ ಸಾಕು. ಕ್ರಾಸ್ (ಪ್ಲಸ್ ಆಕಾರದ ತುಂಡು) ಇರೋ ಜಾಯಿಂಟು ಓರೆಯಲ್ಲಿ ತಿರುಗುವಾಗ ಒಂದೇ ಸಮ ತಿರುಗಲ್ಲ, ಪ್ರತಿ ಸುತ್ತಿಗೆ ಎರಡು ಸಲ ಜೋರಾಗಿ ಎರಡು ಸಲ ನಿಧಾನ ಆಗುತ್ತೆ. ಆ ಏರುಪೇರನ್ನ ಶಾಫ್ಟಿನ ಇನ್ನೊಂದು ತುದಿಯ ಜಾಯಿಂಟು ಉಲ್ಟಾ ಮಾಡಿ ಸರಿದೂಗಿಸುತ್ತೆ, ಆದ್ರೆ ಅದು ಆಗೋದು ಎರಡೂ ತುದಿಯ ಯೋಕ್‌ಗಳು (ಕ್ರಾಸ್ ಹಿಡಿಯೋ ಎರಡು ಕಿವಿಯ ಕವಲುಗಳು) ಸರಿಯಾದ ನೇರದಲ್ಲಿ ಇದ್ರೆ ಮಾತ್ರ. ಚಕ್ರಕ್ಕೆ ಕಲ್ಲು ಕೊಟ್ಟು, ಕೀ ಜೇಬಲ್ಲಿ ಇಟ್ಕೊಂಡು ಕೆಳಗೆ ಹೋಗಿ ನೋಡಿ. ಸ್ಲಿಪ್ ಇರೋ ಶಾಫ್ಟಿನ ಎರಡೂ ತುದಿಯ ಕಿವಿಗಳು ಸಾಮಾನ್ಯವಾಗಿ ಒಂದೇ ಸಾಲಲ್ಲಿ ಇರ್ಬೇಕು, ಪೈಪು ಮತ್ತು ಸ್ಲಿಪ್ ಮೇಲೆ ಕೆತ್ತಿರೋ ಬಾಣದ ಗುರುತುಗಳು ಎದುರುಬದುರು ಬರ್ಬೇಕು. ಗ್ರೀಸು ಮಣ್ಣು ಸೇರಿ ಗಟ್ಟಿಯಾಗಿ ಕೂತಿರುತ್ತೆ, ಡೀಸೆಲ್ ಬಟ್ಟೆಯಲ್ಲಿ ಒರೆಸಿದ್ರೇನೇ ಬಾಣ ಕಾಣೋದು. ಎದುರುಬದುರು ಇಲ್ದಿದ್ರೆ ಬಿಚ್ಚಿ ಸರಿಯಾಗಿ ಕೂರಿಸಿ, ಒಂದು ಸಾಮಾನೂ ತರದೆ ನಡುಕ ಹೋಗ್ಬೋದು.

ಅಲ್ಲೇ ಇರುವಾಗ ಪೈಪಿನ ಮೇಲೆ ವೆಲ್ಡ್ ಮಾಡಿರೋ ಚಿಕ್ಕ ಚಿಕ್ಕ ಬ್ಯಾಲೆನ್ಸ್ ತೂಕಗಳನ್ನೂ ನೋಡಿ, ಒಂದು ಬಿದ್ದುಹೋಗಿದ್ರೆ ವೆಲ್ಡ್ ಕಿತ್ತ ಕಲೆ ಕಾಣುತ್ತೆ. ಪೈಪಿಗೆ ಡೆಂಟ್ ಇದ್ರೂ, ಲೇಥಲ್ಲಿ ಯೋಕ್ ಬದಲಾಯಿಸಿ ಬ್ಯಾಲೆನ್ಸ್ ಮಾಡಿಸದೆ ತಂದಿದ್ರೂ ಇದೇ ತೊಂದರೆ. ಸೆಂಟರ್ ಬೇರಿಂಗನ್ನ (ಶಾಫ್ಟನ್ನ ನಡುವೆ ಹಿಡಿದಿರೋದು) ಕೈಯಲ್ಲಿ ಮೇಲೆ ಕೆಳಗೆ ಎತ್ತಿ ನೋಡಿ, ರಬ್ಬರ್ ಹರಿದಿದ್ರೆ ಶಾಫ್ಟ್ ಸಡಿಲವಾಗಿ ಕುಣಿಯುತ್ತೆ. ಕ್ರಾಸ್ ಹಿಡಿದು ತಿರುಗಿಸಿದಾಗ ಪ್ಲೇ ಇದ್ರೆ, ಕಪ್ ಸುತ್ತ ತುಕ್ಕಿನ ಕೆಂಪು ಪುಡಿ ಇದ್ರೆ ಬದಲಾಯಿಸಿ, ಮುಂದೂಡ್ಬೇಡಿ.

ಕಮಾನಿಗೆ ಎಕ್ಸ್‌ಟ್ರಾ ಪ್ಲೇಟ್ ಹಾಕ್ಸಿದ್ರೆ, ಟಾರ್ಕ್ ರಾಡ್ (ಆಕ್ಸಲ್ ಅಲ್ಲಾಡದಂತೆ ಹಿಡಿಯೋ ರಾಡ್) ಬುಷ್ ಹೋಗಿದ್ರೆ, ಯು-ಬೋಲ್ಟ್ ಲೂಸ್ ಇದ್ರೆ ಹೌಸಿಂಗ್ (ಹಿಂದಿನ ಆಕ್ಸಲ್) ಓರೆಯಾಗಿ ಪಿನಿಯನ್ ಮೂತಿ (ಪ್ರೊಪೆಲ್ಲರ್ ಸೇರೋ ಜಾಗ) ಮೇಲೋ ಕೆಳಗೋ ಆಗಿ ಜಾಯಿಂಟಿನ ಆ್ಯಂಗಲ್ ಕೆಡುತ್ತೆ, ಖಾಲಿ ಇದ್ದಾಗ ಒಂಥರಾ, ಲೋಡಲ್ಲಿ ಇನ್ನೊಂಥರಾ ನಡುಕ ಬರೋದು ಹೆಚ್ಚಾಗಿ ಇದರಿಂದ.

ಟೈರಿನ ವಿಷಯ ಬೇಗ ಹೇಳ್ಬಿಡ್ತೀನಿ. ಧಡ್ ಧಡ್ ಅನ್ನೋ ಗಾಡಿ ಇದ್ರೆ ಜಾಕ್ ಹಾಕಿ ಎತ್ತಿ, ಟೈರಿಗೆ ತಾಗೋ ಹಾಗೆ ಒಂದು ಕಲ್ಲು ಇಟ್ಟು ತಿರುಗಿಸಿ, ಸಂದು ಹೆಚ್ಚುಕಮ್ಮಿ ಆದ್ರೆ ಓವಲ್ ಇದೆ ಅಂತ. ಹೊಸ ಟೈರ್ ಕೂಡ ರಿಮ್ಮಲ್ಲಿ ಸರಿಯಾಗಿ ಕೂರದೆ ಇರ್ಬೋದು. ಮಳೆಗಾಲದಲ್ಲಿ ಸಂಡೂರು, ಹೊಸಪೇಟೆ ಕಡೆ ಅದಿರು ಹೊಡೆಯೋ ಗಾಡಿಗಳಿಗೆ ರಿಮ್ ಒಳಗೆ ಕೆಂಪು ಮಣ್ಣು ಒಂದೇ ಕಡೆ ಒಣಗಿ ಕೂತಿರುತ್ತೆ, ಮೊದಲು ನೀರು ಹೊಡೆದು ತೊಳೀರಿ.

ನಿಂತ ಗಾಡಿ ಹೊರಡುವಾಗ ಕೆಳಗಿಂದ ಟಕ್ ಟಕ್ ಅಂತ ಶಬ್ದಾನೂ ಬರ್ತಿದ್ರೆ ಆ ಲೋಡ್ ಮುಗಿಸಿ ನೋಡೋಣ ಅನ್ಬೇಡಿ. ಓಡುವಾಗ ಕ್ರಾಸ್ ಕಟ್ಟಾಗಿ ಪ್ರೊಪೆಲ್ಲರಿನ ಮುಂದಿನ ತುದಿ ರೋಡಿಗೆ ಬಿದ್ರೆ ಬ್ರೇಕಿನ ಏರ್ ಪೈಪ್ ಕಿತ್ಕೊಂಡು ಹೋಗ್ಬೋದು, ಹಿಂದೆ ಬೈಕಲ್ಲಿ ಬರೋರ ಪ್ರಾಣದ ಪ್ರಶ್ನೆ ಅದು. ಅಲ್ಲೇ ಸೈಡಿಗೆ ಹಾಕಿ ಮೇಸ್ತ್ರೀನ ಕರೆಸಿ, ಬಿಚ್ಚೋಕೆ ಮುಂಚೆ ಸ್ಲಿಪ್ ಮೇಲೂ ಪೈಪ್ ಮೇಲೂ ಪೇಂಟಲ್ಲಿ ಒಂದು ಗೆರೆ ಎಳೆಯೋಕೆ ಹೇಳಿ.