13 ವರ್ಷದ ಕಾರಲ್ಲಿ ಪುಣೆಯಿಂದ ಕನ್ಯಾಕುಮಾರಿಗೆ ಹೋಗಬಹುದಾ?

ಪ್ರಶ್ನೆ: ನಾವಿರುವುದು ಚಿಂಚವಾಡದಲ್ಲಿ. ಪೆಟ್ರೋಲ್ ಕಾರು, 13 ವರ್ಷ ಹಳೆಯದು. ಅಪ್ಪ-ಅಮ್ಮನನ್ನೂ ಕೂರಿಸಿಕೊಂಡು ಕನ್ಯಾಕುಮಾರಿಗೆ ಹೋಗಬೇಕು ಅಂತಿದೆ. ಹೊರಡುವ ಹಿಂದಿನ ದಿನ ಸರ್ವಿಸ್ ಮಾಡಿಸಿದರೆ ಸಾಕಾ?

ಧಾರಾಳವಾಗಿ ಹೋಗಿ. ಆದರೆ ಹಿಂದಿನ ದಿನ ಸರ್ವಿಸ್ ಮಾತ್ರ ಬೇಡ. ಗ್ಯಾರೇಜಿನಲ್ಲಿ ಯಾವುದೋ ಕ್ಲಿಪ್ ಸರಿಯಾಗಿ ಬಿಗಿಯದೆ ಉಳಿದಿದ್ದರೆ ಗೊತ್ತಾಗುವುದು ಗಾಡಿ ಓಡಿಸಿದ ಮೇಲೆಯೇ. ಅದು ಪುಣೆಯಲ್ಲೇ ಗೊತ್ತಾಗಲಿ, ದಾವಣಗೆರೆ ದಾಟಿದ ಮೇಲೆ ಬೇಡ. ಎರಡು ವಾರ ಮೊದಲೇ ಕಾರನ್ನು ಸರ್ವಿಸ್‌ಗೆ ಬಿಡಿ.

ಎಲ್ಲರೂ ಹೆದರುವುದು ಎಂಜಿನ್ನಿಗೆ. ಆಯಿಲ್ ಹೊತ್ತುಹೊತ್ತಿಗೆ ಬದಲಾಯಿಸಿದ್ದರೆ ಅದು ಅಷ್ಟು ಬೇಗ ಕೈಕೊಡಲ್ಲ. ಹಳೆಯ ಕಾರಲ್ಲಿ ನನಗೆ ಜಾಸ್ತಿ ಚಿಂತೆ ರಬ್ಬರಿನದು. ಗಾಡಿ ನಿಂತೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಊರೊಳಗಿನ ಓಡಾಟದಲ್ಲಿ ಅದು ಕಾಣುವುದಿಲ್ಲ, ಹೈವೇಯಲ್ಲಿ ಗಂಟೆಗಟ್ಟಲೆ ಬಿಸಿಯಲ್ಲಿ ಓಡಿದಾಗಲೇ ಕಾಣುತ್ತದೆ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ರೇಡಿಯೇಟರಿನ ದಪ್ಪ ಪೈಪನ್ನು ಕೈಯಲ್ಲಿ ಹಿಸುಕಿ ನೋಡಿ. ಮೆತ್ತಗೆ ಉಬ್ಬಿದ್ದರೆ, ಹಿಸುಕಿದಾಗ ಸಣ್ಣ ಬಿರುಕು ಕಂಡರೆ, ಕ್ಲಿಪ್ ಹತ್ತಿರ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬದಲಾಯಿಸಿ. ಆ ಪುಡಿ ಸೋರಿ ಒಣಗಿದ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ರೇಡಿಯೇಟರ್ ಮುಚ್ಚಳವನ್ನೂ ಹೊಸದು ಹಾಕಿಸಿ. ಒಳಗಿನ ಒತ್ತಡ ಹಿಡಿದಿಡುವುದು ಅದೇ, ಒತ್ತಡ ಇಲ್ಲದಿದ್ದರೆ ಕೂಲಂಟ್ ಬೇಗ ಕುದಿಯುತ್ತದೆ. ಬರೀ ನಲ್ಲಿ ನೀರು ತುಂಬಬೇಡಿ. ಎಂಜಿನ್ನಿನ ಬೆಲ್ಟ್‌ಗಳನ್ನೂ ನೋಡಿಸಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಅಂದರೆ 2018ರ 23ನೇ ವಾರ ತಯಾರಾಗಿದ್ದು. ಆರು ವರ್ಷ ದಾಟಿದ ಟೈರಲ್ಲಿ ಮನೆಮಂದಿಯನ್ನು ಅಷ್ಟು ದೂರ ಕರೆದುಕೊಂಡು ಹೋಗಬೇಡಿ, ಟೈರಿನ ಮೇಲಿನ ಗೀರು (ಟ್ರೆಡ್) ಎಷ್ಟೇ ಆಳವಾಗಿ ಉಳಿದಿರಲಿ. ಸ್ಟೆಪ್ನಿಯ ಅಂಕಿಯನ್ನೂ ಓದಿ. ಎಷ್ಟೋ ಕಾರುಗಳಲ್ಲಿ ಅದು ಕಾರಿನಷ್ಟೇ ಹಳೆಯದು!

ಬ್ರೇಕ್ ಆಯಿಲ್ ಯಾರಿಗೂ ನೆನಪಾಗಲ್ಲ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲಲ್ಲ. ಬೆಂಗಳೂರಿನಿಂದ ಎನ್‌ಎಚ್ 44ರಲ್ಲಿ ಧರ್ಮಪುರಿ ದಾಟಿ ಸೇಲಂ ಕಡೆ ಹೋಗುವಾಗ ತೊಪ್ಪೂರು ಘಾಟ್ ಇಳಿಯಬೇಕು, ಅಪಘಾತಗಳಿಗೆ ಹೆಸರಾದ ಜಾಗ. ಬ್ರೇಕ್ ಆಯಿಲ್ ಬದಲಾಯಿಸಿ ಎರಡು ವರ್ಷ ಆಗಿದ್ದರೆ ಹೊಸದು ಹಾಕಿಸಿ, ಇಳಿಜಾರಿನಲ್ಲಿ ಗೇರ್ ಕಡಿಮೆ ಮಾಡಿ ಇಳಿಯಿರಿ.

ಬ್ಯಾಟರಿ ಟೆಸ್ಟ್, ವೈಪರ್, ವಿಮೆ, ಪಿಯುಸಿ, ಫಾಸ್ಟ್ಯಾಗ್ ಇವೆಲ್ಲ ಒಂದು ಮಧ್ಯಾಹ್ನದ ಕೆಲಸ.

ಕೆಲಸ ಮುಗಿದ ಮೇಲೆ ಒಂದು ಭಾನುವಾರ ಎಲ್ಲರನ್ನೂ ಕೂರಿಸಿಕೊಂಡು, ಲಗೇಜ್ ಸಮೇತ, ಎಸಿ ಹಾಕಿಕೊಂಡು ವಾಯಿಯಿಂದ ಪಸರಣಿ ಘಾಟ್ ಹತ್ತಿ ಮಹಾಬಳೇಶ್ವರಕ್ಕೆ ಹೋಗಿ ಬನ್ನಿ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ಅದು ಏರತೊಡಗಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಬದಿಗೆ ನಿಲ್ಲಿಸಿ. ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬೇಡಿ. ಮರುದಿನ ಬೆಳಿಗ್ಗೆ ಕಾರಿನ ಕೆಳಗೆ ಹನಿ ಬಿದ್ದಿದೆಯಾ, ಕೂಲಂಟ್ ಬಾಟಲಿಯಲ್ಲಿ ಮಟ್ಟ ಇಳಿದಿದೆಯಾ ನೋಡಿ. ಇಳಿದಿದ್ದರೆ ಮೇಲೆ ಸುರಿದು ಸುಮ್ಮನಾಗಬೇಡಿ, ಎಲ್ಲಿ ಸೋರುತ್ತಿದೆ ಅಂತ ಗ್ಯಾರೇಜಿನವರು ತೋರಿಸುವವರೆಗೆ ಹೋಟೆಲ್ ಬುಕ್ ಮಾಡಬೇಡಿ.