ಡಚ್ ಸೀರೀಸ್ ನೋಡ್ತಾ ಇದ್ರೆ ಭಾಷೆ ತಾನಾಗೇ ಬರುತ್ತಾ?

ಪ್ರಶ್ನೆ: ನೆದರ್‌ಲ್ಯಾಂಡ್ಸ್‌ಗೆ ಬಂದು ಎಂಟು ತಿಂಗಳಾಯ್ತು. ಆಫೀಸಲ್ಲಿ ಎಲ್ಲಾ ಇಂಗ್ಲಿಷೇ. ಕ್ಲಾಸಿಗೆ ಹೋಗೋಕೆ ಟೈಮಿಲ್ಲ. ದಿನಾ ರಾತ್ರಿ ಒಂದು ಗಂಟೆ ಇಂಗ್ಲಿಷ್ ಸಬ್‌ಟೈಟಲ್ ಹಾಕ್ಕೊಂಡು ಡಚ್ ಸಿನಿಮಾ, ಸೀರೀಸ್ ನೋಡಿದ್ರೆ ಭಾಷೆ ಬರುತ್ತಲ್ವಾ?

ಉತ್ತರ: ಬರೋದಿಲ್ಲ. ಎಷ್ಟೋ ಜನಕ್ಕೆ ಬಿಡಿಬಿಡಿಯಾಗಿ ಹೇಳಿದ್ದನ್ನು ಈ ಸಲ ಒಂದೇ ಕಡೆ ಪೂರ್ತಿ ಬರೆಯುತ್ತೇನೆ.

ಹೀಗೆ ಹೇಳಿದ ತಕ್ಷಣ ಎಲ್ಲರೂ ಹೂಡುವ ವಾದ ಒಂದೇ: “ಡಚ್ಚರು ಇಂಗ್ಲಿಷ್ ಕಲಿತಿದ್ದೇ ಟಿವಿ ನೋಡಿ. ಅಲ್ಲಿ ಡಬ್ಬಿಂಗ್ ಇಲ್ಲ, ಅದಕ್ಕೇ ಎಲ್ಲರಿಗೂ ಇಂಗ್ಲಿಷ್ ಬರುತ್ತೆ.” ಇದರಲ್ಲಿ ಅರ್ಧ ನಿಜ ಇರುವುದರಿಂದಲೇ ಈ ನಂಬಿಕೆಗೆ ಇಷ್ಟು ಆಯಸ್ಸು. ಮಕ್ಕಳ ಕಾರ್ಯಕ್ರಮ ಬಿಟ್ಟರೆ ವಿದೇಶಿ ಸಿನಿಮಾ, ಸೀರಿಯಲ್‌ಗಳನ್ನು ಅಲ್ಲಿ ಡಬ್ ಮಾಡುವುದು ಕಡಿಮೆ, ಕೆಳಗೆ ಡಚ್ ಸಾಲು ಹಾಕುತ್ತಾರೆ. ಅದರಿಂದ ಕಿವಿಗೆ ಲಾಭ ಆಗಿದೆ, ಒಪ್ಪೋಣ. ಆದರೆ ಉಳಿದ ಅರ್ಧವನ್ನು ಯಾರೂ ಹೇಳುವುದಿಲ್ಲ. 1986ರಿಂದ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಕಡ್ಡಾಯ. ಪ್ರೌಢಶಾಲೆಯಲ್ಲೂ ಕಡ್ಡಾಯ, ಕೊನೆಯ ಪರೀಕ್ಷೆಯಲ್ಲೂ ಇಂಗ್ಲಿಷ್ ಪತ್ರಿಕೆ ಬರೆಯಬೇಕು. ಅಂದರೆ ಟಿವಿ ಮುಂದೆ ಕೂತ ಆ ಹುಡುಗನಿಗೆ ಮೇಷ್ಟರು ಪದ, ವ್ಯಾಕರಣ ಎರಡನ್ನೂ ಹೇಳಿಕೊಟ್ಟಿರುತ್ತಾರೆ. ಟಿವಿ ಮಾಡಿದ್ದು ರಿವಿಷನ್ ಕೆಲಸ.

ಇನ್ನೊಂದು ಕಾರಣ: ಡಚ್, ಇಂಗ್ಲಿಷ್ ಎರಡೂ ಅಕ್ಕತಂಗಿಯರು. ಪುಸ್ತಕಕ್ಕೆ ‘ಬೂಕ್’, ಹಾಲಿಗೆ ‘ಮೆಲ್ಕ್’, ನೀರಿಗೆ ‘ವಾಟರ್’. “ನಾನೂ ತಮಿಳು ಕಲಿತದ್ದು ಸಿನಿಮಾ ನೋಡೇ” ಎನ್ನುವ ಬೆಂಗಳೂರಿನವರ ಕಥೆಯೂ ಇದೇ. ‘ನಾನ್ ನಾಳೈಕ್ಕು ಊರುಕ್ಕು ಪೋರೇನ್’ ಅಂದರೆ ‘ನಾನು ನಾಳೆ ಊರಿಗೆ ಹೋಗ್ತೀನಿ’, ಪದಕ್ಕೆ ಪದ, ಅದೇ ಸಾಲಿನಲ್ಲಿ. ವ್ಯಾಕರಣ ಮನೆಯಿಂದಲೇ ಬಂದಿತ್ತು, ಸಿನಿಮಾ ಪದಗಳನ್ನು ತುಂಬಿಸಿತು ಅಷ್ಟೇ. ಜೊತೆಗೆ ಪಕ್ಕದ ಮನೆಯವರು, ಅಂಗಡಿಯವರು ಮಾತಾಡಲು ಸಿಗುತ್ತಿದ್ದರು. ನೆದರ್‌ಲ್ಯಾಂಡ್ಸ್‌ನಲ್ಲಿ ಮಾತಿನ ಮಧ್ಯೆ ಒಂದು ಸಲ ತಡವರಿಸಿದರೆ ಸಾಕು, ಎದುರಿನವರು ನಮಗೆ ಉಪಕಾರ ಮಾಡಲೆಂದೇ ಇಂಗ್ಲಿಷ್‌ಗೆ ಹೊರಳಿಬಿಡುತ್ತಾರೆ.

“ನಮಗೂ ಇಂಗ್ಲಿಷ್ ಗೊತ್ತಲ್ಲ, ಆ ಅಕ್ಕತಂಗಿ ಲಾಭ ನಮಗೂ ಸಿಗಬೇಕಲ್ಲ?” ಪದಗಳಲ್ಲಿ ಖಂಡಿತ ಸಿಗುತ್ತದೆ. ವಾಕ್ಯದಲ್ಲಿ ಅಷ್ಟು ಸಿಗುವುದಿಲ್ಲ. ಆದರೆ ಅಲ್ಲೊಂದು ಜಾಗದಲ್ಲಿ ಇಂಗ್ಲಿಷರಿಗಿಲ್ಲದ ಅನುಕೂಲ ಕನ್ನಡಿಗರಿಗಿದೆ. ‘ಯಾಕೆಂದರೆ’ ಎಂಬರ್ಥದ ‘ಓಮ್‌ಡಾಟ್’ ಬಂದ ಮೇಲೆ ಡಚ್ ಕ್ರಿಯಾಪದ ಕೊನೆಗೆ ಹೋಗುತ್ತದೆ: ‘ಓಮ್‌ಡಾಟ್ ಇಕ್ ಮೊರ್ಖೆನ್ ನಾರ್ ಆಮ್‌ಸ್ಟರ್‌ಡ್ಯಾಮ್ ಖಾ’. ಇಕ್ ಅಂದರೆ ನಾನು, ಮೊರ್ಖೆನ್ ನಾಳೆ, ಖಾ ಹೋಗುತ್ತೇನೆ. ‘ನಾನು ನಾಳೆ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗ್ತೀನಿ’, ಹೆಚ್ಚುಕಡಿಮೆ ನಮ್ಮದೇ ವಾಕ್ಯ. ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುವ ಈ ಪಾಠವನ್ನು ಕನ್ನಡದಲ್ಲಿ ಯೋಚಿಸಿದರೆ ಒಂದು ಸಂಜೆಯಲ್ಲಿ ಮುಗಿಸಬಹುದು.

ಈಗ ಇಂಗ್ಲಿಷ್ ಸಬ್‌ಟೈಟಲ್ ವಿಷಯ. ಅರ್ಥ ಕಣ್ಣಿಗೆ ಸಿಕ್ಕಿಬಿಟ್ಟರೆ ಕಿವಿ ಕೆಲಸ ನಿಲ್ಲಿಸುತ್ತದೆ. ಡಚ್‌ನಲ್ಲಿ ಕಿವಿಗೇ ಕೆಲಸ ಜಾಸ್ತಿ, ಯಾಕೆಂದರೆ ಪುಸ್ತಕದಲ್ಲಿರುವ ಪದ ಬಾಯಲ್ಲಿ ಹಾಗೇ ಉಳಿಯುವುದಿಲ್ಲ. ‘ನಿಜ ಹೇಳಬೇಕಂದ್ರೆ’ ಎಂಬರ್ಥದ ‘ಎಯ್ಖೆನ್‌ಲಕ್’ ವೇಗದ ಮಾತಿನಲ್ಲಿ ಬರೀ ‘ಎಯ್ಕ್’. ‘ಖಂಡಿತ’ ಎನ್ನುವ ‘ನತ್ಯೂರ್‌ಲಕ್’ ಸವೆದು ‘ತ್ಯೂಕ್’. ‘ಅವನು’ ಎನ್ನುವ ‘ಹೆಯ್’ ಕ್ರಿಯಾಪದದ ಬಾಲಕ್ಕೆ ಅಂಟಿ ‘ಈ’ ಆಗುತ್ತದೆ. ಪದ ಗೊತ್ತಿದ್ದೂ ಕೇಳಿಸದೆ ಹೋಗುವುದು ಇದಕ್ಕೇ.

ಹಾಗಾದರೆ ನೋಡುವುದು ಹೇಗೆ? ಮೊದಲು ಸಾವಿರ ಬಳಕೆಯ ಪದಗಳು ಬೇಕು. ಅದಿಲ್ಲದೆ ಟಿವಿ ಹಚ್ಚಿದರೆ ಬರುವುದು ಬರೀ ಸದ್ದು. ಆಮೇಲೆ ಒಂದು ಗಂಟೆ ಬೇಡ, ಮೂರು ನಿಮಿಷದ ತುಂಡು ತಗೊಳ್ಳಿ. ಸಬ್‌ಟೈಟಲ್ ಇಲ್ಲದೆ ಒಮ್ಮೆ ನೋಡಿ, ಯಾರು ಯಾರಿಗೆ ಏನು ಹೇಳಿದರು ಅಂತ ಊಹಿಸಿ. ಎರಡನೇ ಸಲ ಡಚ್ ಸಬ್‌ಟೈಟಲ್ ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿ, ಐದು ವಾಕ್ಯ ಬರೆದುಕೊಳ್ಳಿ. ಬಿಡಿ ಪದ ಬೇಡ, ಪೂರ್ತಿ ವಾಕ್ಯವೇ ಬೇಕು. ‘ಡಾಟ್ ಫಾಲ್ಟ್ ಮೇ’ ಕೇಳಿ ‘ಫಾಲ್ಟ್’ ಒಂದನ್ನೇ ಹುಡುಕಿದರೆ ನಿಘಂಟು ‘ಬೀಳು’ ಎನ್ನುತ್ತದೆ. ಕೊನೆಯ ‘ಮೇ’ ಅದೇ ಕ್ರಿಯಾಪದದ ತುಂಡು. ಎರಡೂ ಸೇರಿದರೆ ‘ಅಂದುಕೊಂಡಷ್ಟು ಕಷ್ಟ ಇಲ್ಲ’ ಎಂದರ್ಥ. ನಾಮಪದ ಬರೆಯುವಾಗ ಅದರ ಹಿಂದೆ ಬರುವ, ಇಂಗ್ಲಿಷಿನ ‘ದಿ’ಯಂಥ ‘ಡೆ’ ಅಥವಾ ‘ಹೆಟ್’ ಬಿಡಬೇಡಿ, ಯಾವ ಪದಕ್ಕೆ ಯಾವುದು ಎಂದು ಆಮೇಲೆ ಪ್ರತ್ಯೇಕವಾಗಿ ಕಲಿಯುವುದು ಬಹಳ ಕಷ್ಟ. ಮೂರನೇ ಸಲ ಪಾತ್ರದ ಜೊತೆಗೇ ಗಟ್ಟಿಯಾಗಿ ಹೇಳಿ. ಮರುದಿನ ಅದೇ ತುಂಡು, ಸಬ್‌ಟೈಟಲ್ ಇಲ್ಲದೆ. ಮೊದಲ ದಿನ ಎಲ್ಲ ಸೇರಿ ಅರ್ಧ ಗಂಟೆ. ಡಚ್ ಸಬ್‌ಟೈಟಲ್ ಇದ್ದೂ ಅರ್ಧಕ್ಕಿಂತ ಕಡಿಮೆ ಅರ್ಥವಾದರೆ ಆ ಕಾರ್ಯಕ್ರಮ ಸದ್ಯಕ್ಕೆ ಬೇಡ.

ಡಬ್ ಆದ ಕಾರ್ಟೂನ್‌ನಲ್ಲಿ ಎಡವುವವರು ಬಹಳ. ಅಲ್ಲಿ ಧ್ವನಿಗೂ ಸಬ್‌ಟೈಟಲ್‌ಗೂ ಅನುವಾದ ಬೇರೆ ಬೇರೆ ಇರುವುದುಂಟು, ಕೇಳಿದ ಸಾಲು ಓದಿದ ಸಾಲಿಗೆ ಹೊಂದುವುದಿಲ್ಲ. ಡಚ್‌ನಲ್ಲೇ ತಯಾರಾದದ್ದನ್ನು ಹಿಡಿಯಿರಿ. 1981ರಿಂದ ನಡೆಯುತ್ತಿರುವ ಮಕ್ಕಳ ವಾರ್ತೆ ‘ಯೂಖ್ಟ್‌ಜರ್ನಾಲ್’ ಒಳ್ಳೆಯ ಆರಂಭ: ಸ್ಪಷ್ಟ ಉಚ್ಚಾರ, ಚಿಕ್ಕ ವಾಕ್ಯ, ಅದೇ ಪದಗಳು ಮತ್ತೆ ಮತ್ತೆ. ನಂತರ ‘ಹೇಲ್ ಹಾಲೆಂಡ್ ಬಾಕ್ಟ್’ನಂಥ ಬೇಕಿಂಗ್ ಸ್ಪರ್ಧೆ. ಅಲ್ಲಿ ಹಿಟ್ಟು ಎಂದಾಗ ಹಿಟ್ಟು ಕಣ್ಣೆದುರೇ ಇರುತ್ತದೆ. ಅಲ್ಲಿನ ಸಾರ್ವಜನಿಕ ಪ್ರಸಾರ ವಾಹಿನಿಗಳ ಸ್ಟ್ರೀಮಿಂಗ್ ತಾಣ ‘ಎನ್‌ಪಿಒ ಸ್ಟಾರ್ಟ್’ ನೆದರ್‌ಲ್ಯಾಂಡ್ಸ್ ಒಳಗೆ ಉಚಿತ, ಡಚ್ ಸಬ್‌ಟೈಟಲ್ ಕೂಡ ಇರುತ್ತದೆ. ಕ್ರೈಂ ಸೀರೀಸ್, ಸಿನಿಮಾ ಕೊನೆಗೆ ಇರಲಿ: ಪಿಸುಮಾತು, ಹಿನ್ನೆಲೆ ಸಂಗೀತ, ದೇಶದ ದಕ್ಷಿಣದ ಬ್ರಬಾಂಟ್ ಮತ್ತು ಬೆಲ್ಜಿಯಂ ಕಡೆಯ ಉಚ್ಚಾರ, ಎಲ್ಲ ಒಟ್ಟಿಗೆ ಮೇಲೆ ಬೀಳುತ್ತವೆ.

ಪೌರತ್ವಕ್ಕೆ ಬೇಕಾದ ಪರೀಕ್ಷೆಯಲ್ಲಿ ಓದು, ಬರಹ, ಕೇಳುವುದು, ಮಾತು ನಾಲ್ಕೂ ಇವೆ. ಹೀಗೆ ನೋಡಿದರೂ ಮುಖ್ಯವಾಗಿ ಬಲ ಬರುವುದು ಕೇಳುವುದಕ್ಕೆ. ಉಳಿದದ್ದಕ್ಕೆ ಕ್ಲಾಸ್ ಬೇಕೇ ಬೇಕು.

ಯಾರೂ ಕೇಳದ ಒಂದು ಮಾತು ಹೇಳಲೇಬೇಕು, ಟಿವಿಯ ನಿಜವಾದ ಉಪಯೋಗ ಇರುವುದು ಅಲ್ಲೇ. ಸಬ್‌ಟೈಟಲ್‌ನಲ್ಲಿ ಜಾಗ ಕಡಿಮೆ, ಹಾಗಾಗಿ ಸಣ್ಣ ಪದಗಳನ್ನು ಹಲವು ಸಲ ಬಿಟ್ಟುಬಿಡುತ್ತಾರೆ: ಏವೆನ್, ಮಾರ್, ಟೊಖ್, ಹೋರ್. ಡಚ್ ಮಾತಿನ ಮರ್ಯಾದೆ ನಿಂತಿರುವುದು ಇವುಗಳ ಮೇಲೆ, ಕನ್ನಡಿಗರಿಗಂತೂ ಇವು ಹಳೇ ಪರಿಚಯ. ‘ವಖ್ಟ್ ಏವೆನ್’ ಅಂದರೆ ‘ಸ್ವಲ್ಪ ತಾಳಿ’. “ಸ್ವಲ್ಪ ಕಿಟಕಿ ಹಾಕ್ತೀರಾ” ಎಂದಾಗ ನಾವು ಅರ್ಧ ಕಿಟಕಿ ಮುಚ್ಚಲು ಹೇಳುತ್ತಿಲ್ಲವಲ್ಲ, ‘ಏವೆನ್’ ಆ ‘ಸ್ವಲ್ಪ’. ಟೊಖ್ ಅಂದರೆ ‘ಅಲ್ವಾ’. ನಿಘಂಟಿನಲ್ಲಿ ‘ಮಾರ್’ ಎಂದರೆ ‘ಆದರೆ’ ಎಂದಿರುತ್ತದೆ. ಆದರೆ ಅಂಗಡಿಯಲ್ಲಿ ಚೀಲ ಬೇಕಾ ಎಂದು ಕೇಳಿದಾಗ ಹೇಳುವ ‘ದು ಮಾರ್’ನಲ್ಲಿ ಅದು ನಮ್ಮ ‘ಬಿಡು’: ‘ಕೊಟ್ಟುಬಿಡಿ’. ರಸೀದಿ ಬೇಕಾ ಎಂದಾಗ ಬರೀ ‘ನೇ’ ಎಂದರೆ ಕಡ್ಡಿ ಮುರಿದ ಹಾಗೆ ‘ಬೇಡ’. ‘ನೇ ಹೋರ್’ ಎಂದರೆ ‘ಬೇಡ ರೀ’.